ಎಡಗಂಬದ ಮರೆ

ಮೇ 18

ಪ್ರೀತಿಯ ಅಜ್ಜನಿಗೆ,

ಫೋನ್ ಮಾಡಿದರೆ ನಿನಗೆ ಕೇಳಿಸುವುದಿಲ್ಲ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಈ ಕಾಗದ.

ನನಗೆ ಕೆಲಸ ಸಿಕ್ಕಿತು. ಎಲ್ಲಿ ಎನ್ನುವುದನ್ನು ರೊಟ್ಟಿಯಂಗಡಿಯವನ ಬಾಯಿಂದ ನೀನು ಕೇಳುವ ಮೊದಲು ನಾನೇ ತಿಳಿಸಬೇಕು. ಪಟ್ಟಣದ ಸೇತುವೆ ನಿಯಂತ್ರಣ ಕೇಂದ್ರದಲ್ಲಿ. ಹೌದು, ಆರು ವರ್ಷದ ಹಿಂದೆ ಸೇತುವೆ ಕಾವಲುಗಾರನಾಗಿದ್ದ ನಿನ್ನನ್ನು ಮನೆಗೆ ಕಳಿಸಿ, ಸೇತುವೆ ಪಕ್ಕದ ನಿನ್ನ ಗಾಜಿನ ಕೋಣೆಗೆ ಬೀಗ ಜಡಿಸಿದ ಅದೇ ಕೇಂದ್ರ. ಹನ್ನೆರಡು ಕಾಲುವೆ ಸೇತುವೆಗಳನ್ನು ಇಲ್ಲಿ ಕೂತು, ಕ್ಯಾಮೆರಾ ನೋಡಿಕೊಂಡು ಎತ್ತುತ್ತೇವೆ, ಇಳಿಸುತ್ತೇವೆ. ನಮ್ಮೂರು ಅಲ್ಡೆಸಿಲ್‌ನದು ಏಳನೆಯದು.

ಸಾಹಿತ್ಯ ಓದಿದವಳಿಗೆ ಪುಸ್ತಕದಂಗಡಿಯವರೂ ಕೆಲಸ ಕೊಡಲಿಲ್ಲ ಅಜ್ಜ. ಇಲ್ಲಿ ಸಂದರ್ಶನದಲ್ಲಿ "ನಿನ್ನ ಬಗ್ಗೆ ಹೇಳು" ಅಂದರು. "ಮಾತು ಕಡಿಮೆ, ನೋಡೋದು ಜಾಸ್ತಿ" ಅಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು "ನಮಗೆ ಅದೇ ಬೇಕು" ಎಂದರು.

ಮೊದಲ ದಿನ ಗುಂಡಿಯ ಮೇಲೆ ಬೆರಳಿಟ್ಟಾಗ ನಿನ್ನ ನೆನಪಾಯಿತು. ದೋಣಿ ಬಂದರೆ ನೀನು ಗೇಟು ಇಳಿಸಿ, ಸೇತುವೆಯ ತುದಿಯ ತನಕ ನಡೆದು, ಎಡಗಂಬದ ಮೇಲೆ ಕೈಯಿಟ್ಟು ಅದರ ಹಿಂದೆ ಇಣುಕಿ ನೋಡಿ, ಆಮೇಲೆ ವಾಪಸು ಬಂದು ಸೇತುವೆ ಎತ್ತುತ್ತಿದ್ದೆ. "ಅಲ್ಲೇನಿದೆ ಅಜ್ಜ?" ಅಂತ ನಾನು ಕೇಳುತ್ತಿದ್ದೆ. "ಗಾಳಿ ಇದೆಯಾ ಅಂತ ನೋಡ್ದೆ" ಅನ್ನುತ್ತಿದ್ದೆ. ಆಮೇಲೆ ಕೋಲಿನ ತುದಿಗೆ ದಾರದಲ್ಲಿ ಕಟ್ಟಿದ, ಕಾಲಿಗೆ ತೊಡುವ ಹಳೆಯ ಮರದ ಜೋಡನ್ನು ನನ್ನ ಕೈಗೆ ಕೊಡುತ್ತಿದ್ದೆ. ನಾನು ಅದನ್ನು ದೋಣಿಯವರ ಮೂಗಿನ ಮುಂದೆ ತೂಗಾಡಿಸಿದರೆ ಅವರು ಅದರೊಳಗೆ ಸುಂಕದ ಕಾಸು ಹಾಕುತ್ತಿದ್ದರು.

ಇಲ್ಲಿ ಯಾರೂ ಎಲ್ಲಿಗೂ ನಡೆಯುವುದಿಲ್ಲ. ಒಂದು ಬೆರಳು ಸಾಕು. ಆ ಬೆರಳು ದಿನವಿಡೀ ತಣ್ಣಗಿರುತ್ತದೆ.

ಬೈದಾದರೂ ಬರೆ.

ನಿನ್ನ ಮೊಮ್ಮಗಳು,
ಹಿಸ್ಕೆ


ಜೂನ್ 2

ಹಿಸ್ಕೆ,

ಕಾಗದ ತಲುಪಿತು. ರೊಟ್ಟಿಯಂಗಡಿಯವನು ಎರಡು ದಿನ ಮೊದಲೇ ಹೇಳಿದ್ದ.

ಕೆಲಸ ಎಂದರೆ ಕೆಲಸ. ನಿನ್ನ ಕೇಂದ್ರದವರು ಸೇತುವೆಗೆ ಎಣ್ಣೆ ಹಾಕಿಸಿಲ್ಲ. ಕಿರುಗುಟ್ಟುತ್ತದೆ ಎಂದು ಪಕ್ಕದ ಮನೆಯ ಬೌಕೆ ಬರೆದು ತೋರಿಸಿದಳು. ನನಗೆ ಕಿವಿ ಹೋದರೂ ಅಂಗಾಲಿಗೆ ತಿಳಿಯುತ್ತದೆ.

ಡೌವೆ

ಗಾಳಿ: ಪಡುವಣ. ಹೊರಗೆ ಹೋಗಬೇಕು.


ಜುಲೈ 9

ಪ್ರೀತಿಯ ಅಜ್ಜನಿಗೆ,

ನಿನ್ನ ಕಾಗದ ಗಾಳಿಯ ದಿಕ್ಕಿನಿಂದ ಮುಗಿದದ್ದು ನೋಡಿ ನಗು ಬಂತು. ದಿನವೂ ಗಾಳಿ ಬರೆದಿಡುತ್ತಿದ್ದ ಸೇತುವೆಯ ದಿನಚರಿ ಪುಸ್ತಕ ಕಿತ್ತುಕೊಂಡು ಆರು ವರ್ಷವಾದರೂ ಕೈ ಬರೆಯುತ್ತಲೇ ಇದೆಯಲ್ಲ.

ನಮ್ಮ ಕೋಣೆಗೆ ಕಿಟಕಿಯಿಲ್ಲ. ಪಾಳಿಗೆ ಮೂವರು, ಒಬ್ಬೊಬ್ಬರಿಗೆ ನಾಲ್ಕು ಸೇತುವೆ, ಯಾವ ನಾಲ್ಕು ಎನ್ನುವುದು ಬದಲಾಗುತ್ತಿರುತ್ತದೆ. ಪಾಳಿಯ ಹಿರಿಯ ರೂರ್ಡ್. ಒಳ್ಳೆಯವರು, ಆದರೆ ಬಾಯಿ ಸುಮ್ಮನಿರದು. ನಾನು ಪರದೆ ನೋಡುತ್ತ ಮೈಮರೆತರೆ, "ಏನಮ್ಮಾ ಸಾಹಿತಿ, ಕವಿತೆ ಮುಗೀತಾ? ಆರನೇ ಸೇತುವೆ ಹತ್ರ ದೋಣಿಯವನು ಗಡ್ಡ ಬೆಳೆಸ್ಕೊಂಡು ಕೂತಿದಾನೆ" ಅನ್ನುತ್ತಾರೆ.

ಕಾಫಿ ಹೊತ್ತಿಗೆ ಇಡೀ ಯುರೋಪು ನಮ್ಮ ಮೇಜಿನ ಮೇಲಿರುತ್ತದೆ.

"ನಿನ್ನೆ ಮತ್ತೆ ವಿಮಾನ ನಿಲ್ದಾಣದ ಮೇಲೆ ಡ್ರೋನ್ ಹಾರ್ತಂತೆ."

"ಹಾರಿದ್ದು ಡ್ರೋನೋ ಕೊಕ್ಕರೆನೋ, ಪೊಲೀಸರಿಗೇ ಗೊತ್ತಿಲ್ಲ."

"ನಗು ನೀನು. ನಾಳೆ ಯಾವನೋ ಎಲ್ಲೋ ಕೂತು ನಮ್ಮ ಹನ್ನೆರಡು ಸೇತುವೆನೂ ಒಟ್ಟಿಗೇ ಎತ್ತಿಬಿಟ್ರೆ ಗೊತ್ತಾಗುತ್ತೆ."

"ಎತ್ಲಿ ಬಿಡು. ಇಳಿಸೋಕೆ ನಮ್ಮ ಕಚೇರಿಗೇ ಅರ್ಜಿ ಹಾಕ್ಬೇಕು. ಮೂರು ವಾರ ಕಾದು ಅವನೇ ಓಡಿಹೋಗ್ತಾನೆ."

ನಾನೂ ನಕ್ಕೆ. ಆದರೆ ಮೊನ್ನೆ ಬಂದ ಸುದ್ದಿಗೆ ಯಾರೂ ನಗಲಿಲ್ಲ. ದಕ್ಷಿಣದ ಒಂದು ಊರಿನಲ್ಲಿ, ನಮ್ಮಂಥದೇ ಕೋಣೆಯಲ್ಲಿ ಕೂತು ಎತ್ತಿದ ಸೇತುವೆಯ ಮೇಲೆ ಒಬ್ಬ ಮುದುಕಿ ಇದ್ದಳಂತೆ, ಬಿದ್ದು ತೀರಿಕೊಂಡಳಂತೆ. ಗುಂಡಿ ಒತ್ತಿದವನು "ನೋಡಿದ್ದೆ, ಯಾರೂ ಇರಲಿಲ್ಲ" ಎಂದೇ ಹೇಳುತ್ತಿದ್ದಾನೆ. ಪರದೆಯ ದಾಖಲೆ ತೆಗೆದು ನೋಡಿದರೆ ಅವನು ಹೇಳುವುದು ನಿಜ, ಯಾರೂ ಕಾಣುವುದಿಲ್ಲ.

ಅಂದಿನಿಂದ ನಾನು ಎಲ್ಲವನ್ನೂ ಎರಡೆರಡು ಸಲ ನೋಡುತ್ತೇನೆ. "ಏಳರಲ್ಲಿ ಯಾರೂ ಇಲ್ಲ" ಎಂದು ಗಟ್ಟಿಯಾಗಿ ಹೇಳಿ ಆಮೇಲೆ ಒತ್ತಬೇಕು, ಅದು ನಿಯಮ. ಜನ ಯುದ್ಧಕ್ಕೆ ಹೆದರುತ್ತಾರೆ, ಗಣಕಯಂತ್ರದೊಳಗೆ ನುಗ್ಗುವ ಕಳ್ಳರಿಗೆ ಹೆದರುತ್ತಾರೆ. ನನಗೆ ನನ್ನ ತೋರುಬೆರಳಿನ ಭಯ.

ಹಿಸ್ಕೆ


ಸೆಪ್ಟೆಂಬರ್ 8

ಮಗಳೇ,

ನಿನ್ನ ಕಾಗದಕ್ಕೆ ಎರಡು ತಿಂಗಳು ಉತ್ತರಿಸಲಿಲ್ಲ. ಬರೆದದ್ದನ್ನೆಲ್ಲ ಒಲೆಗೆ ಹಾಕಿದೆ.

ನಿನ್ನೆ ಬೌಕೆಗೆ ಎಂಬತ್ತೊಂದು ತುಂಬಿತು. ಎಂದಿನಂತೆ ಎಲ್ಲರೂ ಕುರ್ಚಿಗಳನ್ನು ವೃತ್ತವಾಗಿಟ್ಟು ಕೂತು, ಬೌಕೆಗಷ್ಟೇ ಅಲ್ಲ, ಅವಳ ಮಗಳಿಗೆ, ಅಳಿಯನಿಗೆ, ನನಗೂ ಶುಭಾಶಯ ಹೇಳಿದರು. ಕಾಫಿ, ಒಂದೊಂದು ಬಿಸ್ಕತ್ತು, ಆಮೇಲೆ ಡಬ್ಬಕ್ಕೆ ಮುಚ್ಚಳ. ತುಟಿ ನೋಡಿ ಅರ್ಧ ತಿಳಿದುಕೊಂಡೆ, ಉಳಿದದ್ದನ್ನು ಬೌಕೆ ಬರೆದು ತೋರಿಸಿದಳು. ಸರಕಾರದವರು ಮನೆಮನೆಗೆ ಕಿರುಪುಸ್ತಕ ಹಂಚಿದ್ದಾರಲ್ಲ, ಯುದ್ಧಗಿದ್ಧ ಬಂದರೆ ಇರಲಿ, ಮೂರು ದಿನಕ್ಕೆ ನೀರು, ಬ್ಯಾಟರಿ ರೇಡಿಯೋ, ಮೇಣದಬತ್ತಿ ಕೂಡಿಟ್ಟುಕೊಳ್ಳಿ ಎಂದು, ಅದರದ್ದೇ ಚರ್ಚೆ.

ಅಳಿಯ ಹೇಳಿದ: "ಶತ್ರುಗಳು ಬಂದ್ರೆ ಮೊದಲು ಕಡಲ ತಳದ ತಂತಿ ಕತ್ತರಿಸ್ತಾರೆ. ಆಮೇಲೆ ಸೇತುವೆ."

ಬೌಕೆ ಅಂದಳು: "ಅಲ್ಡೆಸಿಲ್‌ಗೆ ಬಂದು ಏನ್ ಕಿತ್ಕೊಂಡು ಹೋಗ್ತಾರೋ? ನಿನ್ನ ಹಸುನಾ? ಹಾಲು ಕರೆಯೋ ಯಂತ್ರಕ್ಕೆ ಗುಪ್ತಪದ ಬೇಕು, ಅದು ನಿನಗೇ ನೆನಪಿಲ್ಲ."

ನಾನೂ ಆ ಪುಸ್ತಕ ಓದಿದೆ. ಕೊನೆಯಲ್ಲಿ ನಮ್ಮ ಸ್ವಂತ ಟಿಪ್ಪಣಿಗೆಂದು ಎರಡು ಪುಟ ಖಾಲಿ ಬಿಟ್ಟಿದ್ದಾರೆ. ಅಲ್ಲಿ ಏನು ಬರೆಯಬೇಕೆಂದು ತಿಳಿಯಲಿಲ್ಲ.

ತಿಂಗಳ ಮೊದಲ ಸೋಮವಾರ ಮಧ್ಯಾಹ್ನ ಸೈರನ್ ಪರೀಕ್ಷೆ ಮಾಡುತ್ತಾರಲ್ಲ, ನನಗೆ ಅದು ಕೇಳುವುದಿಲ್ಲ. ಕಾಲುವೆಯ ಬಾತುಗಳು ಒಟ್ಟಿಗೆ ಮೇಲೇಳುತ್ತವೆ, ಆಗ ಹನ್ನೆರಡು ಗಂಟೆ ಎಂದುಕೊಳ್ಳುತ್ತೇನೆ. ಬಾತುಗಳಿಗೆ ಪರೀಕ್ಷೆ ಯಾವುದು, ನಿಜ ಯಾವುದು ಎಂದು ಯಾರು ಹೇಳುತ್ತಾರೆ?

ಮೊಣಕಾಲು ಕೈಕೊಟ್ಟಿದೆ. ನಿನ್ನ ಜೋಡು ಕಟ್ಟಿದ ಹಳೆಯ ಕೋಲನ್ನೇ ಊರಿಕೊಂಡು ತಿರುಗುತ್ತೇನೆ, ಜೋಡು ಸಮೇತ. ನೋಡಿದವರು ನಗುತ್ತಾರೆ. ಬೌಕೆ ಸಿಗರೇಟು ಬಿಟ್ಟಳೆಂದು ಅವಳ ಮಗಳು ನಂಬಿದ್ದಾಳೆ. ಎಲ್ಲಿ ನಿಂತು ಸೇದುತ್ತಾಳೆಂದು ನನಗೊಬ್ಬನಿಗೆ ಗೊತ್ತು.

ದಕ್ಷಿಣದ ಆ ಮುದುಕಿಯ ಸುದ್ದಿಯನ್ನು ನಾನೂ ಓದಿದೆ. ನಿನಗೆ ಒಂದು ಮಾತು ಹೇಳಬೇಕಿತ್ತು. ಇವತ್ತು ಬೇಡ.

ಅಜ್ಜ

ಗಾಳಿ: ಬೆಳಿಗ್ಗೆ ತೆಂಕಣ, ಈಗ ಪಡುವಣಕ್ಕೆ ತಿರುಗಿದೆ. ಹೊರಡುತ್ತೇನೆ.


ಸೆಪ್ಟೆಂಬರ್ 30

ಪ್ರೀತಿಯ ಅಜ್ಜನಿಗೆ,

ಹೇಳಬೇಕಿದ್ದ ಮಾತು ಏನು? ಕಾಗದವನ್ನು ನಾಲ್ಕು ಸಲ ಓದಿದೆ. ನೀನು ಹೇಳದೆ ಬಿಟ್ಟದ್ದು ಹೇಳಿದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಏಳನೇ ಪರದೆಯಲ್ಲಿ ನಿನ್ನನ್ನು ನೋಡುತ್ತಿರುತ್ತೇನೆ. ಮಧ್ಯಾಹ್ನ ಮೂರಕ್ಕೆ ಕೋಟು ತೊಟ್ಟು, ಕೋಲು ಹಿಡಿದು ಸೇತುವೆಯ ಕಡೆ ಬರುತ್ತೀಯ. ಅಷ್ಟರಲ್ಲಿ ಇನ್ನೊಂದು ಸೇತುವೆಯ ದೋಣಿ ಕರೆಯುತ್ತದೆ. ಮತ್ತೆ ಕಣ್ಣು ತಿರುಗಿಸಿದರೆ ನೀನಿರುವುದಿಲ್ಲ. ದಾಟಿ ಹೋದೆ ಎಂದುಕೊಳ್ಳುತ್ತೇನೆ. ಒಮ್ಮೆ ಪರದೆಗೇ ಕೈಬೀಸಿದೆ. ರೂರ್ಡ್ ನೋಡಿಬಿಟ್ಟರು. "ಯಾರಮ್ಮಾ ಅದು, ಹುಡುಗನಾ?" ಅಂದರು. "ಅಜ್ಜ" ಅಂದೆ. ಯಾಕೋ ಅವರು ತಮಾಷೆ ಮಾಡಲಿಲ್ಲ.

ಭಯ ಕಡಿಮೆಯಾಗುತ್ತಿಲ್ಲ ಅಜ್ಜ. ಸೈಕಲ್ಲಿನವರು ಗೇಟು ಇಳಿಯುತ್ತಿದ್ದರೂ ತಲೆ ಬಗ್ಗಿಸಿ ನುಸುಳುತ್ತಾರೆ. ಸಂಜೆಯ ಬಿಸಿಲಿಗೆ ಮೂಡಣ ಬದಿಯ ಕ್ಯಾಮೆರಾ ಬೆಳ್ಳಗಾಗುತ್ತದೆ, ಹಾಲು ಚೆಲ್ಲಿದ ಹಾಗೆ. ದೂರು ಬರೆದೆ. "ಇನ್ನೊಂದು ಕ್ಯಾಮೆರಾ ಇದೆಯಲ್ಲ" ಎಂಬ ಉತ್ತರ ಬಂತು.

ಚಿಕ್ಕಂದಿನಲ್ಲಿ ನಿನ್ನ ಜೊತೆ ಕೂತಾಗ ನನಗೆ ಒಂದು ದಿನವೂ ಭಯವಾಗಲಿಲ್ಲ. ನೀನು ಹೆದರುತ್ತಿದ್ದೆಯಾ?

ಹಿಸ್ಕೆ


ಅಕ್ಟೋಬರ್ 26

ಹಿಸ್ಕೆ, ಮಗಳೇ,

ಹೆದರುತ್ತಿದ್ದೆ. ಮೂವತ್ತೆಂಟು ವರ್ಷ, ಪ್ರತಿ ಸಲವೂ. ಅದಕ್ಕೇ ನಡೆದು ಹೋಗಿ ಕಂಬದ ಹಿಂದೆ ನೋಡುತ್ತಿದ್ದೆ.

ಈಗ ಹೇಳುತ್ತೇನೆ. ಎಡಗಂಬ ಪಡುವಣ ದಡದಲ್ಲಿದೆ. ಅದಕ್ಕೆ ತಾಗಿಯೇ ಏಳುವ ಹಲಗೆ ಶುರುವಾಗುತ್ತದೆ. ಪಡುವಣ ಗಾಳಿ ಬೀಸಿದರೆ ನಡೆದು ಬರುವವರಿಗೆ ಉಸಿರು ಕಟ್ಟುತ್ತದೆ. ಇಡೀ ಸೇತುವೆಯಲ್ಲಿ ಗಾಳಿಗೆ ಮರೆ ಇರುವುದು ಅದೊಂದೇ ಕಡೆ, ಕಂಬದ ಆಚೆ ಮಗ್ಗುಲಲ್ಲಿ, ಹಲಗೆಯ ಮೇಲೆ. ಊರಿನ ಮುದುಕರು ಅಲ್ಲಿ ನಿಂತು ದಣಿವಾರಿಸಿಕೊಳ್ಳುತ್ತಾರೆ. ಬೌಕೆ ಸಿಗರೇಟು ಹೊತ್ತಿಸುವುದೂ ಅಲ್ಲೇ. ಕಂಬ ದಪ್ಪ, ಒಬ್ಬರು ಪೂರ್ತಿ ಮುಚ್ಚಿಹೋಗುತ್ತಾರೆ. ನಿಮ್ಮ ಕ್ಯಾಮೆರಾ ಇರುವುದು ಈಚೆ ಪಡುವಣ ದಡದಲ್ಲಿ, ನನ್ನ ಮನೆಯ ಬದಿಗೆ. ಇನ್ನೊಂದು ಆಚೆ ದಡದಲ್ಲಿದೆ, ಅದಕ್ಕೆ ಸಂಜೆ ಬಿಸಿಲು ಬಡಿಯುತ್ತದೆ ಎಂದು ನೀನೇ ಬರೆದೆ.

ಆರು ವರ್ಷದ ಹಿಂದೆ ಕ್ಯಾಮೆರಾ ನೆಡಲು ಒಬ್ಬ ಎಂಜಿನಿಯರ್ ಬಂದಿದ್ದ. ಸಭ್ಯ ಹುಡುಗ. ಕೆಲಸ ಮುಗಿಸಿ ಬಂದು ಕೇಳಿದ, "ಏನಾದ್ರೂ ಹೇಳೋದಿದೆಯಾ ಸಾರ್? ಇಲ್ಲಿ ಇದ್ದವರು ನೀವು."

ಹಿಂದಿನ ದಿನವಷ್ಟೇ ನನ್ನ ಕೋಣೆಯ ಕೀಲಿಕೈ ಇಸಿದುಕೊಂಡಿದ್ದರು. "ಏನೂ ಇಲ್ಲ" ಅಂದೆ. ಅಷ್ಟು ಜಾಣರಾದರೆ ತಾವೇ ಕಂಡುಕೊಳ್ಳಲಿ ಎನ್ನುವ ಹೊಟ್ಟೆಯುರಿ. ಅವನು ಹೋದ ಮೇಲೆ ಮೊದಲ ಪಡುವಣ ಗಾಳಿ ಬಂತು. ಮನೆಯೊಳಗೆ ಕೂರಲಾಗಲಿಲ್ಲ.

ಅಂದಿನಿಂದ ಪಡುವಣ ಗಾಳಿಯ ದಿನ ಮಧ್ಯಾಹ್ನ ಮೂರರಿಂದ ಹೊತ್ತು ಮುಳುಗುವ ತನಕ ನಾನೇ ಅಲ್ಲಿ ನಿಲ್ಲುತ್ತೇನೆ. ಒಬ್ಬರಿಗಷ್ಟೇ ಜಾಗ. ನಾನು ನಿಂತರೆ ಇನ್ನೊಬ್ಬರು ನಿಲ್ಲಲಾರರು. ಕೆಂಪು ದೀಪ ಮಿನುಗಿದ ಕೂಡಲೇ ಸರಿದು ಬರುತ್ತೇನೆ. ಮುದುಕನಿಗೆ ಅರಳು ಮರಳು ಎಂದು ಊರವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

ಆಗ ಗುಂಡಿಯ ಹಿಂದೆ ಯಾರಿದ್ದರೋ ನನಗೆ ಗೊತ್ತಿರಲಿಲ್ಲ. ಈಗ ನೀನಿದ್ದೀಯ. ಮೇ ತಿಂಗಳಿನಿಂದ ನನಗೆ ಊಟ ಸೇರುತ್ತಿಲ್ಲ.

ಈ ಕಾಗದ ತಲುಪಿದ ಕೂಡಲೇ ನಿನ್ನ ಹಿರಿಯರಿಗೆ ಹೇಳು. ನಮ್ಮೂರಿಗೆ ಅಂಚೆಯವನು ಈಗ ದಿನವೂ ಬರುವುದಿಲ್ಲ. ಬಂದ ದಿನ ಅವನ ಕೈಗೇ ಕೊಡುತ್ತೇನೆ.

ಅಜ್ಜ

ಗಾಳಿ: ಬಡಗಣ. ಇವತ್ತು ನಿದ್ದೆ ಮಾಡಬಹುದು.


ಅಕ್ಟೋಬರ್ 30

ಅಜ್ಜ,

ಆಸ್ಪತ್ರೆಯಲ್ಲಿ ನೀನು ಮಲಗಿದ್ದಾಗ ನನಗೆ ಮಾತು ಹೊರಡಲಿಲ್ಲ, ಹೊರಟಿದ್ದರೂ ನಿನಗೆ ಕೇಳುತ್ತಿರಲಿಲ್ಲ. ನಿನ್ನೆ ನನ್ನ ಕಡೆಯಿಂದ ಏನಾಯಿತೆಂದು ನೀನು ತಿಳಿಯಬೇಕು.

ಮೂರು ಇಪ್ಪತ್ತು. ಮಳೆ ನಿಂತು ಬಿಸಿಲು ಬಿದ್ದಿತ್ತು. ಚಳಿಗಾಲಕ್ಕೆ ದೋಣಿಯನ್ನು ಮನೆ ಸೇರಿಸುವ ಒಬ್ಬ ಹಾಯಿದೋಣಿಯವನು ಏಳರಲ್ಲಿ ಕರೆದ. ದೀಪ ಹಾಕಿದೆ, ಗೇಟು ಇಳಿಸಿದೆ. ಈಚೆ ಕ್ಯಾಮೆರಾದಲ್ಲಿ ಒದ್ದೆ ರಸ್ತೆ, ಕಂಬ, ಬೇರೇನಿಲ್ಲ. ಆಚೆಯದು ಬರೀ ಬಿಳಿ. ಎರಡು ಸಲ ನೋಡಿದೆ. "ಏಳರಲ್ಲಿ ಯಾರೂ ಇಲ್ಲ" ಅಂದೆ. ಒತ್ತಿದೆ.

ಹಲಗೆ ಅಲುಗಿತು. ಆಗ ಕಂಬದ ಹಿಂದಿನಿಂದ ಏನೋ ಹೊರಬಂತು. ಹಕ್ಕಿ ಅಂದುಕೊಂಡೆ. ಅದು ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಿತ್ತು. ದಾರದ ತುದಿಯಲ್ಲಿ ಮರದ ಜೋಡು. ಒಂಬತ್ತು ವರ್ಷದವಳಿದ್ದಾಗ ನಾನೇ ಬಳಿದ ನೀಲಿ ಬಣ್ಣ.

ಸೇತುವೆ ನಿಲ್ಲಿಸುವ ಕೆಂಪು ಗುಂಡಿಯನ್ನು ಬೆರಳಿನಲ್ಲಲ್ಲ, ಎರಡೂ ಅಂಗೈಯಿಂದ ಬಡಿದೆನಂತೆ. ನನಗೆ ನೆನಪಿಲ್ಲ. "ಅಜ್ಜ ಅಜ್ಜ" ಅಂತ ಕೂಗುತ್ತಿದ್ದೆ ಅಂತ ರೂರ್ಡ್ ಹೇಳುತ್ತಾರೆ. ಹಲಗೆ ಒಂದು ಗೇಣು ಎದ್ದಿತ್ತು. ಮೊಣಕಾಲು ಕೈಕೊಟ್ಟು, ದೀಪ ಮಿನುಗಿದರೂ ಸರಿಯಲಾಗದೆ ನೀನು ಅಲ್ಲೇ ಕುಸಿದಿದ್ದೆ, ಸಂದಿಯಲ್ಲಿ ಪಾದ. ಇನ್ನೊಂದು ಗೇಣು ಎದ್ದಿದ್ದರೆ ಎನ್ನುವುದನ್ನು ಬರೆಯಲಾರೆ.

ಮನೆಗೆ ಬಂದರೆ ಬಾಗಿಲ ಬುಡದಲ್ಲಿ ನಿನ್ನ ಕಾಗದ ಬಿದ್ದಿತ್ತು.

ಓದಿದಾಗ ಅಳು ಬರಲಿಲ್ಲ ಅಜ್ಜ, ಸಿಟ್ಟು ಬಂತು. ಮೇ ತಿಂಗಳಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು. ನನ್ನ ಮೇಲೂ ಸಿಟ್ಟು. ಮೂರು ಗಂಟೆಗೆ ಬಂದು ಮಾಯವಾಗುವ ಮನುಷ್ಯ ಎಲ್ಲಿ ಹೋಗುತ್ತಾನೆಂದು, ಪುಸ್ತಕದ ಪ್ರತಿ ಸಾಲಿಗೂ ಅರ್ಥ ಹುಡುಕುವ ನಾನು ಒಂದು ದಿನವೂ ಕೇಳಲಿಲ್ಲ.

ಡಿಸೆಂಬರ್ 10ಕ್ಕೆ ವಿಚಾರಣೆ. "ಅದೃಷ್ಟ ಚೆನ್ನಾಗಿತ್ತು ಅಂತ ಬರ್ದು ಮುಗಿಸೋಣ ಬಿಡಮ್ಮ, ಮುದುಕರು ಜಾರಿ ಬಿದ್ರು, ಅಷ್ಟೇ" ಅನ್ನುತ್ತಾರೆ ರೂರ್ಡ್. ಹಾಗೆ ಬರೆದರೆ ಕ್ಯಾಮೆರಾ ಅಲ್ಲೇ ಇರುತ್ತದೆ. ನಿನ್ನ ಕಾಗದ ತೋರಿಸಿದರೆ ಅದನ್ನು ಬದಲಾಯಿಸಲೇಬೇಕು. ಆದರೆ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವನು ಎಂದು ನಿನ್ನ ಹೆಸರು ದಾಖಲೆಯಲ್ಲಿ ಉಳಿಯುತ್ತದೆ.

ಏನು ಮಾಡಲಿ?

ಹಿಸ್ಕೆ


ನವೆಂಬರ್ 12

ಮಗಳೇ,

ತೋರಿಸು. ನಾಚಿಕೆ ನನ್ನದು, ಅದನ್ನು ನೀನು ಹೊರಬೇಡ.

ಆದರೆ ವಿಚಾರಣೆಯ ದಿನದ ತನಕ ತಡಿ. ನನಗೊಂದು ಅನುಮಾನ ಬಂದಿದೆ. ಆ ಎಂಜಿನಿಯರ್ ಹುಡುಗ ಹನ್ನೆರಡೂ ಸೇತುವೆಗೆ ಹೋಗಿದ್ದ. ಹನ್ನೆರಡು ಕಡೆಯೂ ಅದೇ ಪ್ರಶ್ನೆ ಕೇಳಿರಬೇಕು.

ಅಜ್ಜ

ಗಾಳಿ: ಆಸ್ಪತ್ರೆಯ ಕಿಟಕಿಯಿಂದ ತಿಳಿಯುವುದಿಲ್ಲ. ನರ್ಸನ್ನು ಕೇಳಿದೆ, ನಕ್ಕು ಹೋದಳು.


ನವೆಂಬರ್ 21

ಅಜ್ಜ,

ನನ್ನನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿದ್ದಾರೆ. ಪಡುವಣ ಗಾಳಿಯ ದಿನ ಏಳನೇ ಸೇತುವೆಗೆ ಒಬ್ಬ ಆಳನ್ನು ನಿಲ್ಲಿಸುತ್ತಾರೆ, ವಿಚಾರಣೆ ಮುಗಿಯುವ ತನಕ ಮಾತ್ರ.

ಇವತ್ತು ನಾಲ್ಕನೇ ಸೇತುವೆಯಲ್ಲಿ ಒಂದು ಮರಳು ದೋಣಿ ಹನ್ನೊಂದು ನಿಮಿಷ ಕಾಯಿತು. ಗೇಟಿನ ಎರಡೂ ಕಡೆ ಕಾರುಗಳ ಸಾಲು. ನನಗೆ ಒತ್ತಲಾಗಲಿಲ್ಲ. ಪರದೆಯಲ್ಲಿ ಯಾರೂ ಇರಲಿಲ್ಲ, ಅದಕ್ಕೇ ಭಯವಾಯಿತು. ರೂರ್ಡ್ ಬಂದು ಪಕ್ಕದಲ್ಲಿ ಕೂತು ತಾವೇ ಒತ್ತಿದರು. ಒತ್ತುವ ಮೊದಲು ಅವರೂ ಪರದೆಯನ್ನು ಮೂರು ಸಲ ನೋಡಿದರು.

ನನ್ನಿಂದ ಈ ಕೆಲಸ ಆಗದು ಅನಿಸುತ್ತದೆ.

ಹಿಸ್ಕೆ


ಡಿಸೆಂಬರ್ 6

ಮಗಳೇ ಹಿಸ್ಕೆ,

ಇದನ್ನು ಅಂಚೆಗೆ ನಂಬುವುದಿಲ್ಲ. ಬೌಕೆಯ ಮಗಳು ನಿನ್ನ ಕೈಗೇ ಕೊಡುತ್ತಾಳೆ. ಜೊತೆಗೆ ಸರಕಾರದ ಆ ಕಿರುಪುಸ್ತಕವೂ ಇದೆ. ಕೊನೆಯ ಎರಡು ಪುಟ ತೆಗೆದು ನೋಡು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಮೊನ್ನೆ ನನಗೆ ಎಪ್ಪತ್ತೊಂಬತ್ತು ತುಂಬಿತಲ್ಲ. ಬೌಕೆಗೆ ಹೇಳಿ ಹಳೆಯ ಸೇತುವೆ ಕಾವಲುಗಾರರನ್ನೆಲ್ಲ ಕರೆಸಿದೆ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವನು ಕರೆದರೆ ಯಾರು ಬರದೆ ಇರುತ್ತಾರೆ? ಬದುಕಿರುವ ಎಂಟು ಜನ ಬಂದರು. ಕುರ್ಚಿ ಸುತ್ತುಗಟ್ಟಿದೆವು. ಕಾಫಿಯಾಯಿತು, ಬಿಸ್ಕತ್ತಾಯಿತು, ಯುದ್ಧ, ಡ್ರೋನು ಎಲ್ಲ ಆಯಿತು. ಆಮೇಲೆ ನಾನು ಎಡಗಂಬದ ಕಥೆ ಹೇಳಿ, ಆ ಪುಸ್ತಕವನ್ನೂ ಪೆನ್ಸಿಲನ್ನೂ ಪಕ್ಕದವನ ತೊಡೆಯ ಮೇಲಿಟ್ಟೆ.

ಆಮೇಲೆ ಮೂರನೇ ಸೇತುವೆಯ ಕಾವಲುಗಾರ ಬರೆಯತೊಡಗಿದ. ಮಂಜು ಬಿದ್ದ ಬೆಳಿಗ್ಗೆ ಮೆಟ್ಟಿಲ ಕೆಳಗೆ ಗಾಳ ಹಾಕುವವರು ಕೂರುತ್ತಾರೆ, ಎದ್ದು ನಿಲ್ಲುವ ತನಕ ಕಾಣುವುದಿಲ್ಲ. ನಾಲ್ಕನೆಯವನು ಬರೆದ: ಬಲಬದಿಯ ಕಟಕಟೆಗೆ ಕಾಲು ಕೊಟ್ಟು ಸೈಕಲ್ಲಿನವರು ಒರಗಿ ನಿಲ್ಲುತ್ತಾರೆ, ಕ್ಯಾಮೆರಾಗೆ ಕಟಕಟೆಯೇ ಅಡ್ಡ. ನಾಲ್ಕರಲ್ಲಿ ನಿನ್ನ ಬೆರಳು ಒತ್ತಲಿಲ್ಲ ಎಂದೆಯಲ್ಲ, ಅದನ್ನು ಅವನಿಗೆ ತೋರಿಸಿದೆ. "ಆ ಹುಡುಗಿ ಕೆಲಸ ಬಲ್ಲವಳು" ಎಂದು ಅಂಚಿನಲ್ಲಿ ಬರೆದಿದ್ದಾನೆ, ಓದು. ಪುಸ್ತಕ ಸುತ್ತು ಹಾಕಿ ನನ್ನ ಕೈಗೆ ಬರುವಾಗ ಒಂಬತ್ತು ಸೇತುವೆಗಳ ಮರೆಗಳೂ ಅದರಲ್ಲಿದ್ದವು. ಎಲ್ಲರನ್ನೂ ಆ ಹುಡುಗ ಕೇಳಿದ್ದ. ಒಂಬತ್ತೂ ಜನ "ಏನೂ ಇಲ್ಲ" ಅಂದಿದ್ದೆವು.

ಪ್ರತಿ ಸಾಲಿನ ಕೆಳಗೆ ಬರೆದವನ ಸಹಿಯಿದೆ. ವಿಚಾರಣೆಯವರ ಮುಂದೆ ಇಡು. ಹೆಸರು ಮುಚ್ಚಬೇಡ.

ಇನ್ನು ಎರಡು, ಒಂಬತ್ತು, ಹನ್ನೊಂದು. ಆ ಮೂರರ ಕಾವಲುಗಾರರು ಸತ್ತಿದ್ದಾರೆ. ಅಲ್ಲಿ ಮರೆ ಎಲ್ಲಿದೆ ಎಂದು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ಹೋಗಿ ಎಲ್ಲ ಗಾಳಿಯಲ್ಲೂ ಎಲ್ಲ ಹೊತ್ತಿನಲ್ಲೂ ನಿಂತು ಹುಡುಕಬೇಕು. ಅಷ್ಟು ತಾಳ್ಮೆಯಿಂದ ನೋಡಬಲ್ಲವರು ನಿಮ್ಮ ಕೋಣೆಯಲ್ಲಿ ಎಷ್ಟು ಜನರಿದ್ದಾರೋ ನನಗೆ ತಿಳಿಯದು. ಒಬ್ಬಳು ಇದ್ದಾಳೆಂದು ಗೊತ್ತು.

ಕೆಲಸ ಬಿಡುವುದಾದರೆ ಬಿಡು, ಬೇಸರವಿಲ್ಲ. ಆದರೆ ಭಯವಾಗುತ್ತದೆ ಎನ್ನುವ ಕಾರಣಕ್ಕೆ ಬಿಡಬೇಡ. ಆ ಮೂರಕ್ಕೆ ಸದ್ಯ ಇರುವ ಕಾವಲು ನಿನ್ನ ಭಯ ಒಂದೇ.

ಬೌಕೆಯ ಸಿಗರೇಟಿಗೆ ನನ್ನ ಅಡುಗೆಮನೆ ಬಿಟ್ಟುಕೊಟ್ಟಿದ್ದೇನೆ. ಮರದ ಜೋಡನ್ನು ಬಾಗಿಲಿಗೆ ತೂಗುಹಾಕಿದ್ದೇನೆ, ಮುಂದಿನ ಸಲ ಬಂದಾಗ ತೆಗೆದುಕೊಂಡು ಹೋಗು.

ನಿನ್ನ ಅಜ್ಜ,
ಡೌವೆ

ಗಾಳಿ: ಪಡುವಣ. ನಾನು ಒಳಗೇ ಇದ್ದೇನೆ.